ಕಾಯುವ ಕಾಲಕ್ಕೊಂದು ಕಾರು

ಕಾಯುವುದು ನಮ್ಮ ದೇಶದವರಿಗೆ ಹೊಸ ಸಂಗತಿಯೇನಲ್ಲ. ಲೈಸೆನ್ಸ್ ರಾಜ್ ಕಾಲದಲ್ಲಿ ಒಂದು ಬಜಾಜ್ ಸ್ಕೂಟರಿಗಾಗಿ ಹತ್ತು ವರ್ಷ ಕಾದವರಿದ್ದರು. ಮದುವೆಯಾದ ಹೊಸತರಲ್ಲಿ ಹೆಸರು ಬರೆಸಿದವರ ಕೈಗೆ ಗಾಡಿ ಸಿಗುವಾಗ ಮಗು ಶಾಲೆಗೆ ಹೋಗಲು ಶುರುಮಾಡಿರುತ್ತಿತ್ತು. ಟೆಲಿಫೋನಿಗೂ ಹಾಗೆಯೇ, ಅಡುಗೆ ಅನಿಲಕ್ಕೂ ಹಾಗೆಯೇ. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ರಸ್ತೆಗಿಳಿದಾಗಲೂ ಅದರ ಹಿಂದೆ ಉದ್ದನೆಯ ಸರದಿಯೊಂದು ನಿಂತಿತ್ತು. ಆದರೆ ಆ ಕಾಯುವಿಕೆ ಇಲ್ಲದವರ ಕಾಯುವಿಕೆಯಾಗಿತ್ತು. ಸ್ಕೂಟರು ಬರುವ ತನಕ ಅವರು ಬಸ್ಸಿಗೆ ಹೋದರು, ಸೈಕಲ್ ತುಳಿದರು, ನಡೆದರು. ಕಾಯುವ ಕಾಲಕ್ಕೆಂದು ಇನ್ನೊಂದು ಸ್ಕೂಟರನ್ನು ಕೊಳ್ಳುವ ಯೋಚನೆ ಅವರಿಗೆ ಬರಲೂ ಸಾಧ್ಯವಿರಲಿಲ್ಲ.

ಇಂದು ಮತ್ತೆ ಸರದಿ ಬಂದಿದೆ, ಅದರ ಸ್ವರೂಪ ಮಾತ್ರ ಬೇರೆ. 2022ರ ಕೊನೆಗೆ ಬಂದ ಇನ್ನೋವಾ ಹೈಕ್ರಾಸ್‌ನ ಮೇಲ್ದರ್ಜೆಯ ಹೈಬ್ರಿಡ್ ಮಾದರಿಗಳಿಗೆ ಬೇಡಿಕೆ ಎಷ್ಟಿತ್ತೆಂದರೆ, 2023ರ ಏಪ್ರಿಲ್‌ನಲ್ಲಿ ಕಂಪೆನಿಯೇ ಅವುಗಳ ಬುಕಿಂಗನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಕಾರು ತಯಾರಾಗುವುದು ದೂರದ ದೇಶದಲ್ಲೇನೂ ಅಲ್ಲ, ನಮ್ಮದೇ ಬಿಡದಿಯಲ್ಲಿ. ಹೀಗೆ ಹೈಬ್ರಿಡ್‌ಗಾಗಿ ಸರದಿಯಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರ ಅಂಗಳದಲ್ಲಿ ಆಗಲೇ ಒಂದು ಕಾರು ಇರುತ್ತದೆ. ಅದು ಓಡುತ್ತಿರುವಷ್ಟು ದಿನ ಪ್ರಶ್ನೆಯೇ ಏಳುವುದಿಲ್ಲ. ಹೊಸದು ಬರುವ ಮುನ್ನ ಹಳೆಯದು ಕೈಕೊಟ್ಟರೆ? ಕೆಲವು ತಿಂಗಳಿಗಾಗಿ ಇನ್ನೊಂದು ಕಾರು ಕೊಳ್ಳುವುದೇ, ಸತ್ತದ್ದಕ್ಕೆ ಹಣ ಸುರಿದು ಎಬ್ಬಿಸುವುದೇ, ನೆಂಟರ ಗಾಡಿ ಕೇಳುವುದೇ, ಸರದಿ ಬಿಟ್ಟು ತಕ್ಷಣ ಸಿಗುವ ಪೆಟ್ರೋಲ್ ಕಾರನ್ನು ತರುವುದೇ? ಇದು ಬರೀ ಲೆಕ್ಕಾಚಾರದ ಪ್ರಶ್ನೆಯೆಂದು ಬಹಳ ಮಂದಿ ತಿಳಿಯುತ್ತಾರೆ. ನಮಗೆ ಹಾಗೆನಿಸುವುದಿಲ್ಲ. ನಾಳೆಯ ಒಳ್ಳೆಯದಕ್ಕಾಗಿ ಇಂದಿನ ಅಗತ್ಯವನ್ನು ಎಲ್ಲಿಯವರೆಗೆ ತಡೆಹಿಡಿಯಬಹುದು, ಹಾಗೆ ತಡೆಹಿಡಿದಾಗ ಅದರ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬ ನೈತಿಕ ಪ್ರಶ್ನೆ ಇದರೊಳಗಿದೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ತಾಯಿಯವರ ಚಿಕಿತ್ಸೆಯ ಕಾರಣದಿಂದ. ತಿಂಗಳಿಗೆರಡು ಸಲ ಅವರನ್ನು ಪುತ್ತೂರಿನಿಂದ ಮಂಗಳೂರಿಗೆ ಕರೆದೊಯ್ಯಬೇಕು, ಒಂದು ದಾರಿಗೆ ಸುಮಾರು ಐವತ್ತು ಕಿಲೋಮೀಟರ್. ಹದಿನಾಲ್ಕು ವರ್ಷ ಹಳೆಯ ಪೆಟ್ರೋಲ್ ಕಾರು ಮಾಣಿಯ ಹತ್ತಿರ ಬಿಸಿಯೇರಿ ನಿಂತಿತು. ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಇಳಿಸಬೇಕು, ಎಪ್ಪತ್ತು ಸಾವಿರವಾದರೂ ಬೇಕು ಎಂದರು ಗ್ಯಾರೇಜಿನವರು. ಕಾರನ್ನು ಮಾರಿದರೆ ಒಂದೂಕಾಲು ಲಕ್ಷ ಸಿಗುವುದೂ ಕಷ್ಟ. ಹೈಬ್ರಿಡ್ ಬರಲು ಇನ್ನೂ ಏಳು ತಿಂಗಳು ಎಂದು ಷೋರೂಮಿನವರು ಹೇಳಿದ್ದರು. ಕೇಳಿದವರೆಲ್ಲರ ಸಲಹೆ ಒಂದೇ: ಅದನ್ನು ಗುಜರಿಗೆ ಹಾಕಿ, ಕೈಗೊಂದು ಸೆಕೆಂಡ್ ಹ್ಯಾಂಡ್ ಗಾಡಿ ತೆಗೆದುಕೊಳ್ಳಿ.

ಈ ಸಲಹೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಸೆಕೆಂಡ್ ಹ್ಯಾಂಡ್ ಕಾರನ್ನು ಕೊಂಡರೆ ಅದಕ್ಕಾಗಿ ಕಾರ್ಖಾನೆಯಲ್ಲಿ ಹೊಸದಾಗಿ ಉಕ್ಕು ಕರಗಬೇಕಿಲ್ಲ, ಇರುವ ವಸ್ತು ಕೈ ಬದಲಾಯಿಸುತ್ತದೆ ಅಷ್ಟೆ. ಏಳು ತಿಂಗಳ ಬಳಿಕ ಅದನ್ನು ಹೆಚ್ಚು ನಷ್ಟವಿಲ್ಲದೆ ಮಾರಲೂಬಹುದು. ಆದರೆ ಎರಡು ಲಕ್ಷದೊಳಗಿನ ಕಾರುಗಳ ಮಾರುಕಟ್ಟೆ ಯಾರದ್ದು ಎಂದು ಯೋಚಿಸಿ ನೋಡಿ. ಅದು ಮೊದಲ ಬಾರಿಗೆ ಕಾರು ಕಾಣುವ ಕುಟುಂಬದ್ದು. ಮಳೆಗಾಲದಲ್ಲಿ ಬೈಕಿನ ಮೇಲೆ ನಾಲ್ವರು ಕೂತು ಹೋಗುವುದು ಸಾಕಾಗಿ, ಸೊಸೈಟಿಯಲ್ಲಿ ಸಾಲ ಮಾಡಿ ಬಂದವರದ್ದು. 2021ರಲ್ಲಿ ಸೆಮಿಕಂಡಕ್ಟರ್ ಚಿಪ್‌ಗಳ ಕೊರತೆಯಿಂದ ಜಗತ್ತಿನಾದ್ಯಂತ ಹೊಸ ಕಾರುಗಳ ತಯಾರಿಕೆ ಕುಂಠಿತವಾದಾಗ, ಹೊಸದಕ್ಕಾಗಿ ಕಾಯಲಾರದ ಉಳ್ಳವರು ಹಳೆಯ ಕಾರುಗಳ ಕಡೆಗೆ ತಿರುಗಿದರು. ಅವುಗಳ ಬೆಲೆ ಏರಿತು, ಕೆಳಗಿನ ಮೆಟ್ಟಿಲಲ್ಲಿದ್ದವರಿಗೆ ಎಟುಕದಾಯಿತು. ನಮ್ಮ ಒಂದು ಕಾರಿನಿಂದ ಬೆಲೆಯೇನೂ ಏರದು ನಿಜ. ಎಲ್ಲರೂ ಹಾಗೆಯೇ ಅಂದುಕೊಳ್ಳುತ್ತಾರೆ ಎಂಬುದೂ ಅಷ್ಟೇ ನಿಜ.

ಇನ್ನು ಗುಜರಿಯ ಮಾತು. ಹಳೆಯದನ್ನು ನಾಶಮಾಡಿ ಹೊಸದನ್ನು ತರುವುದೇ ಪರಿಸರಕ್ಕೆ ಒಳ್ಳೆಯದೆಂಬ ವಾದಕ್ಕೆ ಒಂದು ದೊಡ್ಡ ಪ್ರಯೋಗ ನಡೆದದ್ದು ಅಮೆರಿಕದಲ್ಲಿ, 2009ರ ಬೇಸಿಗೆಯಲ್ಲಿ. ಆರ್ಥಿಕ ಕುಸಿತದಿಂದ ಕಂಗೆಟ್ಟಿದ್ದ ಕಾರು ಉದ್ಯಮವನ್ನು ಎತ್ತುವುದು, ಜೊತೆಗೆ ಇಂಧನ ಉಳಿಸುವುದು, ಹೀಗೆ ಒಂದೇ ಕಲ್ಲಿಗೆ ಎರಡು ಹಣ್ಣು ಎಂದು ಸರಕಾರ ಲೆಕ್ಕ ಹಾಕಿತು. ಹೆಚ್ಚು ಪೆಟ್ರೋಲ್ ಕುಡಿಯುವ ಹಳೆಯ ಗಾಡಿ ಕೊಟ್ಟು ಹೊಸದು ಕೊಂಡವರಿಗೆ 4,500 ಡಾಲರ್ ತನಕ ರಿಯಾಯಿತಿ. ಎರಡು ತಿಂಗಳೊಳಗೆ ಸುಮಾರು 6 ಲಕ್ಷ 80 ಸಾವಿರ ವಾಹನಗಳು ಬಂದವು, ಮುನ್ನೂರು ಕೋಟಿ ಡಾಲರ್‌ಗಳ ನಿಧಿ ಹೆಚ್ಚುಕಡಿಮೆ ಖಾಲಿಯಾಯಿತು. ಬಂದ ವಾಹನಗಳು ಮತ್ತೆ ರಸ್ತೆಗಿಳಿಯಬಾರದೆಂಬುದು ನಿಯಮ. ಹಾಗಾಗಿ ಇಂಜಿನ್ನಿನ ಎಣ್ಣೆ ತೆಗೆದು, ಅದರ ಜಾಗದಲ್ಲಿ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಚಾಲೂ ಮಾಡಿ ಬಿಡುತ್ತಿದ್ದರು. ಬಿಸಿಯಾಗುತ್ತಿದ್ದಂತೆ ದ್ರಾವಣ ಗಾಜಿನಂತೆ ಗಟ್ಟಿಯಾಗಿ, ಕೆಲವು ನಿಮಿಷಗಳಲ್ಲಿ ಇಂಜಿನ್ ಶಾಶ್ವತವಾಗಿ ಬಿಗಿದು ನಿಲ್ಲುತ್ತಿತ್ತು. ಆ ಯೋಜನೆಗೆ ಸೇರಲು ಗಾಡಿ ಓಡುವ ಸ್ಥಿತಿಯಲ್ಲಿರಬೇಕಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಅಂದರೆ ಕೆಟ್ಟದ್ದನ್ನಲ್ಲ, ಓಡುತ್ತಿದ್ದುದನ್ನೇ ಕೊಂದದ್ದು. ಇನ್ನೂ ಕೆಲವು ವರ್ಷ ಯಾವನೋ ಕೂಲಿಕಾರನನ್ನು ಕೆಲಸಕ್ಕೆ ಮುಟ್ಟಿಸಬಹುದಾಗಿದ್ದ ಗಾಡಿಯನ್ನು ಹಸಿರಿನ ಹೆಸರಲ್ಲಿ ಹೀಗೆ ಮುಗಿಸುವುದನ್ನು ನಾವು ಒಪ್ಪಲಾರೆವು. ಅದರಿಂದ ಇಂಧನ ಉಳಿದಿರಬಹುದು. ಉಳಿತಾಯದ ಪಟ್ಟಿಯಲ್ಲಿ ಆ ಕೂಲಿಕಾರನ ಹೆಸರಿಗೆ ಜಾಗ ಇರಲಿಲ್ಲ.

ಉಳಿತಾಯ ಎಂದಾಗ ಒಂದು ಲೆಕ್ಕವನ್ನು ನಾವೇ ಮಾಡಿ ನೋಡಿದೆವು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ನಮ್ಮ ಮನೆಯ ಓಡಾಟ ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್. ಹಳೆಯ ಕಾರು ಲೀಟರಿಗೆ ಹನ್ನೆರಡು ಕೊಟ್ಟರೆ, ಹೈಬ್ರಿಡ್ ಇಪ್ಪತ್ತು ಕೊಡುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 267 ಲೀಟರ್ ಉಳಿತಾಯ, ಅಂದರೆ ಸುಮಾರು 600 ಕಿಲೋ ಹೊಗೆ ಕಡಿಮೆ. ಸಣ್ಣ ಮಾತಲ್ಲ. ಆದರೆ ಹೊಸ ಕಾರೊಂದರ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್, ಬ್ಯಾಟರಿ ಎಲ್ಲವನ್ನೂ ತಯಾರಿಸುವಾಗಲೇ ಹಲವು ಟನ್ ಹೊಗೆ ಆಕಾಶ ಸೇರಿರುತ್ತದೆ. ಆರು ಟನ್ ಎಂದು ಹಿಡಿದರೂ ಅದನ್ನು ತೀರಿಸಲು ನಮ್ಮಂಥವರಿಗೆ ಹತ್ತು ವರ್ಷ ಬೇಕು. ಅದೇ ಕಾರು ವರ್ಷಕ್ಕೆ ಅರವತ್ತು ಸಾವಿರ ಕಿಲೋಮೀಟರ್ ಓಡಿಸುವ ಟ್ಯಾಕ್ಸಿಯವನ ಕೈಯಲ್ಲಿದ್ದರೆ ಒಂದೂವರೆ ವರ್ಷದೊಳಗೆ ಸಾಲ ತೀರುತ್ತದೆ. ಅದರಲ್ಲೂ ಹೈಬ್ರಿಡ್‌ನ ಗುಣವೇ ನಿಂತು ನಿಂತು ಸಾಗುವ ದಾರಿಯಲ್ಲಿ ಬೆಳಗುವಂಥದ್ದು. ಬ್ರೇಕ್ ಹಾಕುವಾಗ ವ್ಯರ್ಥವಾಗುವ ಶಕ್ತಿಯನ್ನು ಅದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ, ಮೆಲ್ಲನೆ ತೆವಳುವಾಗ ಇಂಜಿನ್ ಆರಿಸಿ ಮೋಟಾರಿನಲ್ಲೇ ಚಲಿಸುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ದಿನವೂ ಸಿಕ್ಕಿಬೀಳುವವನಿಗೆ ಅದು ಹೇಳಿ ಮಾಡಿಸಿದ್ದು. ನಮ್ಮೂರಿನಲ್ಲಿ ಅಂಥ ಜಾಮು ಆಗುವುದು ಜಾತ್ರೆಯ ದಿನ ಮಾತ್ರ.

ಹಾಗಾದರೆ ಸರದಿಯಲ್ಲಿ ನಮ್ಮ ಮುಂದೆ ಇರಬೇಕಾದವನು ಆ ಟ್ಯಾಕ್ಸಿಯವನಲ್ಲವೇ? ಸರದಿಯ ನ್ಯಾಯಕ್ಕೆ ಇದೊಂದೂ ಗೊತ್ತಿಲ್ಲ. ಮೊದಲು ಬಂದವನಿಗೆ ಮೊದಲು, ಅಷ್ಟೆ. ಈ ನಿಯಮ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ವಶೀಲಿ ಮತ್ತು ಲಂಚದ ಊರಿನಲ್ಲಿ ಸರದಿಗಿಂತ ದೊಡ್ಡ ರಕ್ಷಣೆ ಬಡವನಿಗಿಲ್ಲ. ಆದರೆ ಸರದಿಗೆ ಸೇರಲು ಕೈಯಲ್ಲಿ ಮುಂಗಡ ಹಣ ಇರಬೇಕು, ಕಾಯಲು ಪುರುಸೊತ್ತು ಇರಬೇಕು. ದಿನದ ದುಡಿಮೆಯಲ್ಲಿ ದಿನದ ಕಂತು ಕಟ್ಟುವವನಿಗೆ ಏಳು ತಿಂಗಳು ಗಾಡಿಯಿಲ್ಲದೆ ಕೂರಲಾಗದು. ಅವನು ಇಂದೇ ಸಿಗುವ ಗಾಡಿಯನ್ನೇ ಕೊಳ್ಳುತ್ತಾನೆ, ಅದರ ಹೊಗೆಗೆ ಬೈಗುಳವನ್ನೂ ಅವನೇ ತಿನ್ನುತ್ತಾನೆ. ತಾಳ್ಮೆ ಒಂದು ಸದ್ಗುಣವೆನ್ನುತ್ತೇವೆ. ಕೆಲವೊಮ್ಮೆ ಅದು ಬ್ಯಾಂಕಿನಲ್ಲಿರುವ ಹಣದ ಇನ್ನೊಂದು ಹೆಸರು.

ಇಲ್ಲಿ ಒಬ್ಬ ಮಿತ್ರರು ಒಂದು ಸೂಕ್ಷ್ಮ ಎತ್ತಿದರು. ನೀವು ಸರದಿ ಬಿಟ್ಟರೂ ಕಾರ್ಖಾನೆಯಲ್ಲಿ ಒಂದು ಕಾರೇನೂ ಕಡಿಮೆಯಾಗದು, ನಿಮ್ಮ ಹಿಂದಿನವನಿಗೆ ಒಂದು ದಿನ ಮೊದಲು ಸಿಗುತ್ತದೆ ಅಷ್ಟೆ. ತಯಾರಿಕೆಯ ಹೊಗೆ ಹೇಗೂ ಆಗುವಂಥದ್ದೇ, ಹಾಗಾಗಿ ನಿಮ್ಮ ಆರು ಟನ್ನಿನ ಲೆಕ್ಕವೇ ಸುಳ್ಳು ಎಂದರು. ಬೇಡಿಕೆ ಪೂರೈಕೆಯನ್ನು ಮೀರಿರುವಷ್ಟು ಕಾಲ ಅವರ ಮಾತಿನಲ್ಲಿ ಹುರುಳಿದೆ. ಆದರೆ ಆಗ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. ತಯಾರಾಗುವ ಕಾರುಗಳ ಸಂಖ್ಯೆ ನಿಗದಿಯಾಗಿದ್ದರೆ ನಮ್ಮ ಕೈಯಲ್ಲಿ ಉಳಿಯುವುದು ಅದು ಯಾರಿಗೆ ಸೇರುತ್ತದೆ ಎಂಬುದೊಂದೇ. ನಮ್ಮ ಜಾಗವನ್ನು ಪರಿಚಯದ ಟ್ಯಾಕ್ಸಿ ಚಾಲಕರೊಬ್ಬರಿಗೆ ಬಿಟ್ಟುಕೊಡಬಹುದೇ ಎಂದು ಷೋರೂಮಿನಲ್ಲಿ ಕೇಳಿದೆವು. ಬುಕಿಂಗ್ ಹೆಸರು ಬದಲಾಯಿಸಲು ಬರುವುದಿಲ್ಲವೆಂದರು. ಬೇಕಾದರೆ ರದ್ದುಮಾಡಿ, ಅವರು ಸರದಿಯ ಬಾಲಕ್ಕೆ ಬರಲಿ. ಇಷ್ಟಕ್ಕೂ ಚಾಲಕರಿಗೆ ಕಾರಿನ ಬೆಲೆ ಹೇಳಿದಾಗ ಅವರು ನಕ್ಕುಬಿಟ್ಟರು. 2025ರ ಸೆಪ್ಟೆಂಬರ್ 22ರ ತನಕ ದೊಡ್ಡ ಹೈಬ್ರಿಡ್ ಕಾರುಗಳ ಮೇಲೆ ಸೆಸ್ ಸೇರಿ ನೂರಕ್ಕೆ 43 ತೆರಿಗೆ ಇತ್ತು, ಆ ದಿನ ಅದು 40ಕ್ಕೆ ಇಳಿಯಿತು. ವಿದ್ಯುತ್ ಕಾರಿಗೆ 5. ಸರಕಾರದ ಕಣ್ಣಲ್ಲಿ ಹೈಬ್ರಿಡ್ ಹಸಿರಿನ ವಸ್ತುವಲ್ಲ, ಶ್ರೀಮಂತಿಕೆಯ ವಸ್ತು. ಅದು ಸರಿಯೋ ತಪ್ಪೋ, ದುಡಿಯುವವನಿಗಂತೂ ಅದು ಎಟುಕುವುದಿಲ್ಲ.

ಹೈಬ್ರಿಡ್ ಬಂದ ಮೇಲೆ ನಾವು ಎಂಟು ಸಾವಿರ ಕಿಲೋಮೀಟರಿಗೇ ನಿಲ್ಲುತ್ತೇವೆಯೇ ಎಂಬ ಅನುಮಾನವೂ ಇದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಕಲ್ಲಿದ್ದಲಿನ ಬಗ್ಗೆ ಇದನ್ನು ಎತ್ತಿ ತೋರಿಸಿದ್ದ. ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡುವ ಇಂಜಿನ್ ಬಂದಾಗ ಕಲ್ಲಿದ್ದಲಿನ ಬಳಕೆ ಇಳಿಯಲಿಲ್ಲ, ಅಗ್ಗವಾಯಿತೆಂದು ಎಲ್ಲೆಡೆ ಬಳಸತೊಡಗಿ ಏರಿಹೋಯಿತು. ಖರ್ಚು ಕಡಿಮೆ ತಾನೆ, ಭಾನುವಾರ ಮಡಿಕೇರಿಗೆ ಹೋಗಿಬರೋಣ ಎಂದು ಮಕ್ಕಳು ಹೇಳಿದರೆ ಬೇಡವೆನ್ನಲು ಯಾವ ಬಾಯಿಯಿದೆ?

ಕೊನೆಗೆ ಹಳೆಯ ಇಂಜಿನ್ನನ್ನೇ ಇಳಿಸಿ ರಿಪೇರಿ ಮಾಡಿಸಿದೆವು. ಅದು ಮುಗಿಯಲು ಮೂರು ವಾರ ಹಿಡಿಯಿತು. ಆ ದಿನಗಳಲ್ಲಿ ತಾಯಿಯವರಿಗೆ ಬಾಡಿಗೆ ಕಾರು, ಉಳಿದವರಿಗೆ ಬಸ್ಸು. ನೆಂಟರೊಬ್ಬರು ತಮ್ಮ ಗಾಡಿ ಕೊಂಡೊಯ್ಯಲು ಹೇಳಿದ್ದರು. ಒಂದು ಸಲಕ್ಕೆ ಅದು ಪ್ರೀತಿ, ಏಳು ತಿಂಗಳಿಗೆ ಅದು ಹೊರೆ. ನಾವು ಹಸಿರು ಕಾರಿಗಾಗಿ ಕಾಯುತ್ತಿದ್ದೇವೆ ಎಂದು ಹೇಳಿಕೊಂಡು ಅವರ ಪೆಟ್ರೋಲ್ ಕಾರನ್ನು ಸವೆಸುವುದರಲ್ಲಿ ಯಾವ ಪುಣ್ಯವೂ ಕಾಣಲಿಲ್ಲ. ಎಪ್ಪತ್ತು ಸಾವಿರ ಎಪ್ಪತ್ತೆಂಟಾಯಿತು. ಹೆಚ್ಚಿನ ಭಾಗ ಕೂಲಿ. ಊರಿನ ಮೂವರು ಕೆಲಸಗಾರರ ಕೈಗೆ ಹೋದ ಹಣ ಅದು. ಹಾಗಾಗಿ ಅದನ್ನು ಸತ್ತ ಗಾಡಿಗೆ ಸುರಿದ ಹಣವೆಂದು ಕರೆಯಲು ನಮಗೆ ಮನಸ್ಸಾಗುವುದಿಲ್ಲ.

ಬುಕಿಂಗ್ ಇನ್ನೂ ರದ್ದಾಗಿಲ್ಲ. ಮನೆಯಲ್ಲಿ ಎರಡು ಅಭಿಪ್ರಾಯವಿದೆ: ರಿಪೇರಿಯಾದ ಕಾರು ನಾಲ್ಕು ವರ್ಷ ಓಡಬಹುದಾದರೆ ಹೊಸದೇಕೆ ಎಂಬುದು ಒಂದು, ತಾಯಿಯವರನ್ನು ಮತ್ತೊಮ್ಮೆ ಹೆದ್ದಾರಿಯ ಬಿಸಿಲಲ್ಲಿ ಕೂರಿಸುವ ಹಕ್ಕು ನಮಗಿಲ್ಲ ಎಂಬುದು ಇನ್ನೊಂದು. ಎರಡನೆಯದಕ್ಕೆ ಎದುರಾಡುವುದು ಸುಲಭವಲ್ಲ. ಪರಿಸರದ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ತೀರುವ ಸಾಲವನ್ನು ಎಪ್ಪತ್ತೆಂಟು ದಾಟಿದವರ ಒಂದು ಮಧ್ಯಾಹ್ನದ ಸಂಕಟದೊಂದಿಗೆ ತೂಗುವ ತಕ್ಕಡಿ ನಮಗೆ ಸಿಕ್ಕಿಲ್ಲ.

ಹೊಸದು ಬಂದರೆ ಹಳೆಯದನ್ನು ಮಾರಬೇಕಾಗುತ್ತದೆ. ವಿಚಾರಿಸಿದ ಬ್ರೋಕರ್ ಒಬ್ಬರು ಇಂಜಿನ್ ಬಿಚ್ಚಿದ ಸಂಗತಿ ಹೇಳಬೇಡಿ ಎಂದರು. ಹೇಳಿದರೆ ಮೂವತ್ತು ಸಾವಿರ ಇಳಿಯುತ್ತದಂತೆ, ಕೇಳಿದರೆ ಮಾತ್ರ ಹೇಳಿದರಾಯಿತಂತೆ. ಕೊಳ್ಳುವವನಿಗೆ ಏನನ್ನು ಕೇಳಬೇಕೆಂದು ತಿಳಿದಿರುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಈ ವ್ಯಾಪಾರ ನಿಂತಿದೆ. ಆ ಮೂವತ್ತು ಸಾವಿರ ನಮ್ಮದಲ್ಲ. ಗ್ಯಾರೇಜಿನ ಬಿಲ್ಲನ್ನು ಆರ್.ಸಿ. ಕಾರ್ಡಿನ ಜೊತೆ ಒಂದೇ ಕವರಿನಲ್ಲಿ ಇಟ್ಟಿದ್ದೇವೆ. ಬ್ರೋಕರ್ ಮತ್ತೆ ಫೋನು ಮಾಡಿಲ್ಲ.