ಮೂಕಪ್ರಾಣಿಯ ಅಂತ್ಯಕಾಲ ಮತ್ತು ದಯಾಧರ್ಮ

ಬಸವಣ್ಣನವರು ದಯೆಯನ್ನು ಮನುಷ್ಯರಿಗಷ್ಟೇ ಮೀಸಲಿಡದೆ ಜೀವಕೋಟಿಗೆಲ್ಲ ವಿಸ್ತರಿಸಿದರು. ಹತ್ತು ಹನ್ನೆರಡು ವರುಷ ಬಾಗಿಲು ಕಾಯ್ದ ನಾಯಿಯು ಏಳಲಾರದೆ, ಉಣ್ಣಲಾರದೆ, ಮಲಗಿದಲ್ಲಿಯೇ ನರಳುತ್ತಿರುವಾಗ ಆ ದಯೆಯು ಏನನ್ನು ವಿಧಿಸುತ್ತದೆ? ಗೃಹಸ್ಥನಿಗೆ ಇದೊಂದು ಧರ್ಮಸಂಕಟ.

ಧರ್ಮರಾಜನು ಸ್ವರ್ಗದ ಬಾಗಿಲಿನಲ್ಲಿಯೂ ತನ್ನನ್ನು ನಂಬಿ ಬಂದ ನಾಯಿಯನ್ನು ತೊರೆಯಲಿಲ್ಲ. ಆಶ್ರಿತರನ್ನು ಕೈಬಿಡಬಾರದೆಂಬುದೇ ಅದರ ತಾತ್ಪರ್ಯ. ಅವರ ನೋವನ್ನು ಬೆಳೆಸಬೇಕೆಂಬುದಲ್ಲ. 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಗುಣವಾಗದ ಬೇನೆಯಿಂದ ಒದ್ದಾಡುತ್ತಿರಲು, ಗಾಂಧೀಜಿಯವರು ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಯಾತನೆಯನ್ನು ಮುಗಿಸಿದರು. ಹಲವರು ಖಂಡಿಸಿದರೂ ಅದು ಹಿಂಸೆಯಲ್ಲವೆಂದೇ ಅವರು ಸಮರ್ಥಿಸಿದರು.

ಆದುದರಿಂದ ಒಡೆಯನು ಮೊದಲು ತನ್ನ ಮನಸ್ಸನ್ನು ಶೋಧಿಸಬೇಕು. ಶುಶ್ರೂಷೆಗೆ ಬೇಸತ್ತು ಕೊಲ್ಲಿಸುವುದು ಹಿಂಸೆ. ಅಗಲಲಾರೆನೆಂದು ನರಳಿಸುವುದು ಮೋಹ. ಮದ್ದಿನಿಂದ ನೋವು ತಗ್ಗುವುದಾದರೆ, ಕರೆದಾಗ ಬಾಲವಲ್ಲಾಡುವುದಾದರೆ, ಸೇವೆಯೇ ಧರ್ಮ. ಚೇತರಿಕೆಯಿಲ್ಲ, ನೋವೂ ಇಳಿಯದು ಎಂದು ಪಶುವೈದ್ಯರು ಹೇಳಿದ ಬಳಿಕ ತಡಮಾಡುವುದು ಯಾರ ಹಿತಕ್ಕಾಗಿ? ಆಗ ಅರಿವಳಿಕೆಯಿಂದ ನಿದ್ರೆಗಿಳಿಸಿ ಬಿಡುಗಡೆ ಮಾಡಿಸುವುದೇ ದಯೆ. ಆ ಗಳಿಗೆಯಲ್ಲಿ ಒಡೆಯನು ಹೊರಗೆ ನಿಲ್ಲಬಾರದು. ಅನ್ನವಿಕ್ಕಿದ ಕೈಯೇ ಅದರ ತಲೆಯ ಮೇಲಿರಲಿ.