ಎಳೆಯರ ನಡೆಗೆ ತಕ್ಕಂತೆ

2008ರ ಜೂನ್ ತಿಂಗಳಲ್ಲಿ ಅಮೆರಿಕದ ಶಿಕ್ಷಕ ದಂಪತಿಗಳು ತಮ್ಮ ಹತ್ತು ವರ್ಷದ ಅವಳಿ ಗಂಡುಮಕ್ಕಳೊಡನೆ ಅಲಾಸ್ಕದ ಉತ್ತರ ತೀರದಿಂದ ಸೈಕಲ್ಲುಗಳಲ್ಲಿ ಹೊರಟರು. 2011ರ ಮಾರ್ಚ್‌ನಲ್ಲಿ ಅರ್ಜೆಂಟೀನದ ದಕ್ಷಿಣ ತುದಿಯ ಉಶುವಾಯ ನಗರವನ್ನು ಮುಟ್ಟಿದಾಗ ಅವರು ಕ್ರಮಿಸಿದ್ದ ದೂರ 27,000 ಕಿಲೋಮೀಟರಿಗೂ ಹೆಚ್ಚು.

ಪ್ರಿಯ ಓದುಗರೇ, ಇದನ್ನು ಕೇಳಿದಾಗ ನಿಮ್ಮಲ್ಲಿ ಮೆಚ್ಚುಗೆಯೊಡನೆ ಕಳವಳವೂ ಮೂಡಬಹುದು. ಹೆತ್ತವರ ಕನಸಿನ ಭಾರವನ್ನು ಎಳೆಯ ಕಾಲುಗಳ ಮೇಲೆ ಹೊರಿಸುವುದು ನ್ಯಾಯವೇ? ಎದುರುಗಾಳಿ, ಮರುಭೂಮಿ, ಆಂಡಿಸ್ ಪರ್ವತದ ಏರುಗಳು, ಇವುಗಳನ್ನು ಮಗು ಪೂರ್ಣವಾಗಿ ಅರಿತು ಒಪ್ಪಲು ಸಾಧ್ಯವೇ?

ಸಾಧ್ಯವಿಲ್ಲ. ಆದರೆ ಹುಟ್ಟುವ ಊರು, ಆಡುವ ಭಾಷೆ, ಕಲಿಯುವ ಶಾಲೆ, ಇವಾವುದನ್ನೂ ಮಗು ತಾನಾಗಿ ಆರಿಸಿಕೊಂಡಿರುವುದಿಲ್ಲ. ಮಕ್ಕಳ ಪರವಾಗಿ ನಿರ್ಧರಿಸದೆ ಯಾರೂ ತಂದೆತಾಯಿಗಳಾಗಿರಲಾರರು. ಆದ್ದರಿಂದ ಕೇಳಬೇಕಾದ ಪ್ರಶ್ನೆಯೇ ಬೇರೆ: ದಾರಿಯಲ್ಲಿ ವೇಗವನ್ನು ನಿಶ್ಚಯಿಸುವವರು ಯಾರು? ಆ ಕುಟುಂಬ ಕ್ರಮಿಸಿದ ದೂರವನ್ನು ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 27 ಕಿ.ಮೀ. ಮಾತ್ರ. ಪಳಗಿದ ಸವಾರನಿಗೆ ಅದು ಎರಡು ಗಂಟೆಯ ದಾರಿ. ನಿಂತು ದಣಿವಾರಿಸಿಕೊಂಡ ದಿನಗಳು ಬಹಳವಿದ್ದವೆಂದು ಈ ಲೆಕ್ಕವೇ ಹೇಳುತ್ತದೆ.

ಆದಿಕಾಂಡದಲ್ಲಿ ಏಸಾವನು ಜೊತೆಯಾಗಿ ಹೋಗೋಣವೆಂದು ಕರೆದಾಗ, ಮಕ್ಕಳು ಎಳೆಯರೆಂದು ನೆನಪಿಸಿ, ಅವರ ನಡೆಗೆ ತಕ್ಕಂತೆ ಮೆಲ್ಲಗೆ ಬರುವೆನೆಂದವನು ಯಕೋಬ.

ನಮ್ಮ ಮಕ್ಕಳು ಖಂಡಗಳನ್ನು ದಾಟದಿರಬಹುದು. ಆದರೆ ಮನೆಪಾಠ, ಸ್ಪರ್ಧೆ, ಅಂಕಗಳ ಹಾದಿಯಲ್ಲಿ ನಾವೂ ಅವರನ್ನು ಕರೆದೊಯ್ಯುತ್ತಿದ್ದೇವೆ. 'ಸಾಕಾಯಿತಪ್ಪಾ' ಎಂದು ಮಗು ಹೇಳಿದಾಗ ನಿಲ್ಲುವ ಮನಸ್ಸು ನಮಗಿದೆಯೇ? ಇಲ್ಲವಾದರೆ ಆ ಪಯಣ ಕುಟುಂಬದ್ದಲ್ಲ. ಮಕ್ಕಳು ಅದರಲ್ಲಿ ಹೊರೆಯಾಳುಗಳು ಮಾತ್ರ.