ಕಾಣೆಯಾದವರು ಯಾರಿಗೆ ಕಾಣೆ?

ನಮ್ಮ ಮನೆಯ ರೇಷನ್ ಕಾರ್ಡಿನಲ್ಲಿ ಬಹಳ ವರ್ಷ ಒಂದು ಹೆಸರು ಹೆಚ್ಚಿಗೆ ಇತ್ತು. ಅದು ನನ್ನ ಚಿಕ್ಕಪ್ಪನದು. ನಾನು ಹುಟ್ಟುವ ಮೊದಲೇ ಕೆಲಸ ಹುಡುಕಿಕೊಂಡು ಮುಂಬೈಗೆ ಹೋದವರು. ಎರಡು ಕಾಗದ ಬಂದವಂತೆ, ಮೂರನೆಯದು ಬರಲಿಲ್ಲ. ಕಾರ್ಡು ಹೊಸದು ಮಾಡಿಸುವಾಗಲೆಲ್ಲ ಆ ಹೆಸರು ತೆಗೆಸುವ ಮಾತು ಬರುತ್ತಿತ್ತು, ಅಜ್ಜಿ ಒಪ್ಪುತ್ತಿರಲಿಲ್ಲ. ಕೊನೆಗೆ ಎಲ್ಲರೂ ಬೆರಳಚ್ಚು ಕೊಡಬೇಕೆಂಬ ನಿಯಮ ಬಂದಾಗ ಯಾರನ್ನೂ ಕೇಳದೆ ಅದು ಬಿದ್ದುಹೋಯಿತು. ಮಹಾಲಯ ಅಮಾವಾಸ್ಯೆಯ ದಿನ ತೀರಿಹೋದವರಿಗೆಲ್ಲ ಎಡೆ ಇಡುವಾಗಲೂ ಅಜ್ಜಿಯದು ಒಂದೇ ಮಾತು: 'ಬದುಕಿರೋನಿಗೆ ಯಾರಾದ್ರೂ ಎಡೆ ಇಡ್ತಾರಾ?'

ಅಜ್ಜಿ ಹೋಗಿ ಮೂರು ವರ್ಷವಾಯಿತು. ಈಗ ಜಮೀನಿನ ಖಾತೆ ಬದಲಾಗಬೇಕು. ಏಳು ವರ್ಷ ಸುದ್ದಿಯೇ ಇಲ್ಲದವರನ್ನು ಸತ್ತಿದ್ದಾರೆಂದು ಭಾವಿಸಲು 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದಲೂ ಅವಕಾಶವಿದೆ, ಅರ್ಜಿ ಹಾಕಿ ಎಂದು ವಕೀಲರು ಹೇಳಿದ್ದಾರೆ. ಅರ್ಜಿಗೆ ಅಪ್ಪ ಸಹಿ ಹಾಕಬೇಕು. ಹಾಕಿಲ್ಲ.

ಸತ್ತವರ ಬಗ್ಗೆ ಬದುಕಿರುವವರಿಗೆ ಏನಾದರೂ ಕರ್ತವ್ಯವಿದೆಯೇ ಎಂಬುದು ನನ್ನ ಸಂಶೋಧನೆಯ ವಿಷಯ. ಹಾಗಾಗಿ ಈ ಮಾತು ಮನೆಯಲ್ಲಿ ಎದ್ದಾಗಲೆಲ್ಲ ಎಲ್ಲರೂ ನನ್ನ ಕಡೆ ನೋಡುತ್ತಾರೆ. ನಾನು ನೋಡುವುದು ಇನ್ನೊಂದು ಕಡೆಗೆ, ಸ್ವಲ್ಪ ದೂರಕ್ಕೆ: ಅರುಣಾಚಲದ ಒಂದು ಬೆಟ್ಟದ ಇಳಿಜಾರಿಗೆ.

1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಅಸ್ಸಾಮಿನ ಚಾಬುವಾಕ್ಕೆ ಹೊರಟ ಅಮೆರಿಕದ ಒಂದು ಬಿ-24 ಬಾಂಬರ್ ಬಂದು ಸೇರಲಿಲ್ಲ. ಅದರ ಸಿಬ್ಬಂದಿ ವಿಮಾನಕ್ಕೆ ಇಟ್ಟಿದ್ದ ಹೆಸರು 'ಹಾಟ್ ಆ್ಯಸ್ ಹೆಲ್'. ಒಳಗೆ ಎಂಟು ಜನ. ಅವರಲ್ಲೊಬ್ಬ ಜಾರ್ಜಿಯಾ ರಾಜ್ಯದ ಕಾಂಕರ್ಡ್ ಎಂಬ ಸಣ್ಣ ಊರಿನ ರಾಬರ್ಟ್ ಯೂಜೀನ್ ಆಕ್ಸ್‌ಫರ್ಡ್. ವಯಸ್ಸು 24. ಅಂದು ಅವರು ಬಾಂಬು ಹಾಕಲು ಹೊರಟಿರಲಿಲ್ಲ. ಬರ್ಮಾ ಜಪಾನಿನ ಕೈಗೆ ಹೋಗಿ ರಸ್ತೆ ಕಡಿದುಹೋದ ಮೇಲೆ ಚೀನಾಕ್ಕೆ ಸಾಮಾನು ಹೋಗಲು ಉಳಿದದ್ದು ಹಿಮಾಲಯದ ಮೇಲಿನ ಆಕಾಶ ಮಾರ್ಗವೊಂದೇ. ಪೈಲಟ್‌ಗಳು ಅದನ್ನು 'ಹಂಪ್', ಅಂದರೆ ಗೂನು, ಎಂದು ಕರೆಯುತ್ತಿದ್ದರು. ಚೀನಾದಲ್ಲಿದ್ದ ಬಾಂಬರ್ ಪಡೆ ತನಗೆ ಬೇಕಾದ ಪೆಟ್ರೋಲು, ಬಾಂಬುಗಳನ್ನು ತಾನೇ ಅಸ್ಸಾಮಿನಿಂದ ಹೊತ್ತು ತರಬೇಕಿತ್ತು. ಇವರು ಹೊರಟದ್ದು ಸಂತೆಗೆ ಹೋಗಿ ದಿನಸಿ ತರುವಂಥ ಕೆಲಸಕ್ಕೆ. ಆ ದಾರಿಯಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 600 ವಿಮಾನಗಳು ಬಿದ್ದವು. ಹೆಚ್ಚಿನವನ್ನು ಬೀಳಿಸಿದ್ದು ಮೋಡ, ಗಾಳಿ, ಬೆಟ್ಟ. (ಹೀಗೆ ಭಾರತದ ನೆಲೆಗಳಿಂದ ಹಾರುತ್ತಿದ್ದ ಅಮೆರಿಕದ ವಿಮಾನಗಳ ದುರಸ್ತಿಯ ಒಂದು ದೊಡ್ಡ ಕೇಂದ್ರ ಆಗ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ಎಚ್‌ಎಎಲ್ ಮುಂದೆ ಬಸ್ಸಿನಲ್ಲಿ ಹೋಗುವಾಗ ಈಚೆಗೆ ನನಗೆ ಅದು ನೆನಪಾಗುತ್ತದೆ.)

ಆಕ್ಸ್‌ಫರ್ಡ್‌ನ ಹೆಸರು ಕಾಣೆಯಾದವರ ಪಟ್ಟಿಗೆ ಸೇರಿತು. ಅವನ ಅಪ್ಪ, ಅಮ್ಮ ಕಾಯುತ್ತಲೇ ತೀರಿಕೊಂಡರು. 2006ರಲ್ಲಿ ಕ್ಲೇಟನ್ ಕೂಲ್ಸ್ ಎಂಬ ಅಮೆರಿಕದ ಪರ್ವತಾರೋಹಿ ಮೇಲಿನ ಸಿಯಾಂಗ್ ಜಿಲ್ಲೆಯ ದಮ್ರೋ ಎಂಬ ಹಳ್ಳಿಯ ಮೇಲಿನ ಬೆಟ್ಟದಲ್ಲಿ ಆ ವಿಮಾನದ ಅವಶೇಷ 'ಕಂಡುಹಿಡಿದ'. ಈ ಕ್ರಿಯಾಪದಕ್ಕೆ ಉದ್ಧರಣ ಚಿಹ್ನೆ ಹಾಕಿದ್ದು ಬೇಕೆಂದೇ. ಇಂಥ ಹುಡುಕಾಟಗಳಲ್ಲಿ ಅವನಿಗೆ ದಾರಿ ತೋರಿಸಿದ್ದು ಆ ಕಾಡುಗಳಲ್ಲಿ ಬೇಟೆಗೆ ಹೋಗುವ ಸ್ಥಳೀಯರು. ಬೆಟ್ಟದಲ್ಲಿ ಒಂದು ವಿಮಾನ ಬಿದ್ದಿದೆಯೆಂದು ಗೊತ್ತಿದ್ದವರ ಪಾಲಿಗೆ ಅದು ಕಾಣೆಯಾಗಿಯೇ ಇರಲಿಲ್ಲ.

ನನ್ನ ಯೋಚನೆ ಸಿಕ್ಕಿಕೊಂಡದ್ದು ಇಲ್ಲೇ. 'ಸತ್ತ' ಎನ್ನುವುದು ಸತ್ತವನ ಬಗೆಗಿನ ಮಾತು. 'ಕಾಣೆಯಾದ' ಎನ್ನುವಾಗ ಅವನ ಬಗ್ಗೆ ಮಾತಾಡುತ್ತಿದ್ದೇವೆಂದು ಅನ್ನಿಸಿದರೂ ನಿಜಕ್ಕೂ ಹೇಳುತ್ತಿರುವುದು ನಮ್ಮ ಬಗ್ಗೆ, ನಮಗೆ ಗೊತ್ತಿರುವುದರ ಬಗ್ಗೆ. ಆಕ್ಸ್‌ಫರ್ಡ್ ಆ ಇಳಿಜಾರಿನಲ್ಲಿ 60 ವರ್ಷಕ್ಕೂ ಹೆಚ್ಚು ಕಾಲ ಒಂದೇ ಜಾಗದಲ್ಲಿ ಇದ್ದ. ಗೊತ್ತಿದ್ದವರಿಗೂ ಗೊತ್ತಾಗಬೇಕಿದ್ದವರಿಗೂ ನಡುವೆ ಭಾಷೆ, ಸಮುದ್ರ, ಗಡಿ, ಕಚೇರಿ ಎಲ್ಲ ಇದ್ದವು. ಗುರುತು ಹತ್ತಿದ ಮೇಲೂ ಅವು ಕರಗಲಿಲ್ಲ. ಅರುಣಾಚಲದ ಮೇಲೆ ಚೀನಾ ಹಕ್ಕು ಸಾಧಿಸುವುದರಿಂದ ಅಲ್ಲಿ ವಿದೇಶಿ ತಂಡ ಅಗೆಯುವುದು ಸೂಕ್ಷ್ಮದ ವಿಷಯವಾಗಿ ವರ್ಷಗಟ್ಟಲೆ ಅನುಮತಿ ಸಿಗಲಿಲ್ಲ. ಉತ್ಖನನ ನಡೆದದ್ದು 2015ರಲ್ಲಿ. 2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಅವಶೇಷಗಳನ್ನು ಗೌರವದಿಂದ ಕಳಿಸಿಕೊಟ್ಟರು. 2017ರ ಜೂನ್‌ನಲ್ಲಿ ಕಾಂಕರ್ಡ್‌ನಲ್ಲಿ ಅಂತ್ಯಸಂಸ್ಕಾರವಾಯಿತು. ಎಂಟು ಜನರಲ್ಲಿ ಆಗ ಗುರುತು ಸಿಕ್ಕಿದ್ದು ಅವನೊಬ್ಬನದೇ.

ಈ ಕೆಲಸ ಯಾರಿಗಾಗಿ? ಬದುಕಿರುವವರ ಸಮಾಧಾನಕ್ಕೆ ಎನ್ನುವುದು ಸುಲಭದ ಉತ್ತರ. ವಿಯೆಟ್ನಾಂನಲ್ಲಿ ಕಾಣೆಯಾದ ಪೈಲಟ್‌ಗಳ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಪಾಲಿನ್ ಬಾಸ್ ಈ ಬಗೆಯ ದುಃಖಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು 'ತೀರ್ಮಾನವಾಗದ ಅಗಲಿಕೆ' ಎನ್ನಬಹುದೇನೋ. ದೇಹ ಮನೆಯಲ್ಲಿಲ್ಲ, ಮನಸ್ಸಿನಿಂದ ಹೋಗಿಲ್ಲ, ಅಳುವುದೂ ತಪ್ಪು ಅಳದಿರುವುದೂ ತಪ್ಪು. ಅಜ್ಜಿಯನ್ನು ಕಂಡ ನನಗೆ ಇದನ್ನು ಓದಿ ತಿಳಿಯಬೇಕಾಗಿರಲಿಲ್ಲ. ಆದರೆ ಆಕ್ಸ್‌ಫರ್ಡ್‌ಗಾಗಿ ಹಾಗೆ ನರಳಿದವರು 2017ರ ಹೊತ್ತಿಗೆ ಎಲ್ಲಿದ್ದರು? ಸಮಾಧಾನವಷ್ಟೇ ಉದ್ದೇಶವಾಗಿದ್ದರೆ ಅದು ತಡವಾಗಿ ಬಂತು, ಸಿಗಬೇಕಾದವರಿಗೆ ಸಿಗಲಿಲ್ಲ.

ಆವಿಶಾಯ್ ಮಾರ್ಗಲಿಟ್ ಎಂಬ ಇಸ್ರೇಲಿ ಚಿಂತಕ ನೆನಪಿನ ನೀತಿಯ ಬಗ್ಗೆ 2002ರಲ್ಲಿ ಬರೆದ ಪುಸ್ತಕವೊಂದು ಶುರುವಾಗುವುದು, ತನ್ನ ಕೈಕೆಳಗೆ ಸತ್ತ ಸೈನಿಕನ ಹೆಸರನ್ನೇ ಮರೆತ ಅಧಿಕಾರಿಯೊಬ್ಬನ ಪ್ರಸಂಗದಿಂದ. ಅವರ ವಾದ ಸ್ಥೂಲವಾಗಿ ಹೀಗೆ: ನೆನೆಯುವ ಕರ್ತವ್ಯ ಹುಟ್ಟುವುದು ಅಕ್ಕರೆಯ ಸಂಬಂಧಗಳಲ್ಲಿ, ಮನೆಯವರು, ಗೆಳೆಯರು, ತನ್ನ ಜನ ಎನ್ನುವ ಬಳಗದಲ್ಲಿ. ಅಪರಿಚಿತರ ವಿಷಯದಲ್ಲಿ, ಮನುಕುಲವೇ ನಡುಗುವಂಥ ಕ್ರೌರ್ಯಗಳ ಹೊರತು, ಹಾಗೆ ಹೇಳುವುದು ಕಷ್ಟ. ಈ ವಾದಕ್ಕೆ ನಾನು ಬಹಳ ದಿನ ತಲೆದೂಗಿದ್ದೆ. ಈಗ ಅದು ಅರ್ಧಕ್ಕೇ ನಿಂತಂತೆ ಕಾಣುತ್ತದೆ. ದಮ್ರೋ ಬೆಟ್ಟದ ಬೇಟೆಗಾರನಿಗೆ ಆ ಹುಡುಗನ ಮೇಲೆ ಅಕ್ಕರೆ ಇರಬೇಕಿಲ್ಲ, ಅವನ ಹೆಸರೂ ಗೊತ್ತಿರಬೇಕಿಲ್ಲ. ಆದರೂ ಹುಡುಕಿ ಬಂದವನು ಕೇಳಿದರೆ 'ಇಲ್ಲೇ ಇದೆ, ಬನ್ನಿ' ಎಂದು ಕರೆದೊಯ್ಯುವುದು ಅವನು ಮಾಡಬೇಕಾದ ಕೆಲಸವೆಂದೇ ನನಗನ್ನಿಸುತ್ತದೆ. ಅವನು ತೀರಿಸುವುದು ನಿಜದ ಸಾಲವನ್ನು. ಒಬ್ಬ ಮನುಷ್ಯನಿಗೆ ಕೊನೆಗೆ ಏನಾಯಿತು ಎಂಬ ಪ್ರಶ್ನೆಗೆ ಉತ್ತರವಿದ್ದೂ ಅದು ಕೇಳಿದವರನ್ನು ಮುಟ್ಟದಿರುವುದು ಒಂದು ಅನ್ಯಾಯ. ಕೇಳಿದವರು ಸತ್ತರೂ ಅದು ಅನ್ಯಾಯವೇ.

ಇಷ್ಟು ಬರೆದ ಮೇಲೆ ಒಂದು ಮುಜುಗರವನ್ನೂ ಹೇಳಲೇಬೇಕು. ಆ ವಿಮಾನ ಹಾರುತ್ತಿದ್ದುದು ಅಸ್ಸಾಮಿನ ಕಡೆಗೆ, 1944ರ ಜನವರಿಯಲ್ಲಿ. ಆಗ ಪಕ್ಕದ ಬಂಗಾಳದಲ್ಲಿ 1943ರ ಬರ ಇನ್ನೂ ಹೆಣ ಹೊರುತ್ತಿತ್ತು. ಸತ್ತವರು 30 ಲಕ್ಷ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅದಕ್ಕೆ ಎರಡು ವರ್ಷ ಹಿಂದೆ ಬರ್ಮಾದಿಂದ ಓಡಿಬಂದ ಲಕ್ಷಾಂತರ ಭಾರತೀಯರಲ್ಲಿ ಸಾವಿರಾರು ಜನ ಅದೇ ಗಡಿ ಬೆಟ್ಟಗಳ ಕೆಸರಲ್ಲಿ, ಜ್ವರದಲ್ಲಿ ಬಿದ್ದು ಹೋದರು. ಅವರನ್ನು ಹುಡುಕಲು ಯಾವ ತಂಡವೂ ಹೋಗಲಿಲ್ಲ. ಕಾಣೆಯಾಗಬೇಕಾದರೂ ಮೊದಲು ಒಂದು ಪಟ್ಟಿಯಲ್ಲಿ ಹೆಸರಿರಬೇಕು ನೋಡಿ. ಅಮೆರಿಕ ತನ್ನ ಎರಡನೇ ಮಹಾಯುದ್ಧದ ಕಾಣೆಯಾದವರು ಇನ್ನೂ 70,000ಕ್ಕೂ ಹೆಚ್ಚು ಎಂದು ಲೆಕ್ಕ ಇಟ್ಟಿದೆ. ನಮ್ಮ ಬಳಿ ಇರುವುದು ಅಂದಾಜು.

ಈ ಅಸಮಾನತೆ ಕಂಡು ನನಗೆ ಮೊದಲು ಸಿಟ್ಟು ಬಂತು, ಸತ್ತ ಆಕ್ಸ್‌ಫರ್ಡ್‌ನ ಮೇಲೂ ಬಂತು. ಒಂದು ಹಿಡಿ ಮೂಳೆಗೆ ಇಷ್ಟೆಲ್ಲ ಖರ್ಚೇ ಎಂದು ಗೆಳತಿಯ ಹತ್ತಿರ ವಾದಿಸಿದ್ದೆ. ಆ ಸಿಟ್ಟು ಉಳಿಯಲಿಲ್ಲ. ಒಬ್ಬನಿಗೆ ಸಲ್ಲಬೇಕಾದ್ದು ಸಂದಿತು ಎಂಬ ಕಾರಣಕ್ಕೆ ಇನ್ನೊಬ್ಬನಿಗೆ ತಪ್ಪಿದ್ದಲ್ಲ. ಅವನಿಗೆ ಮಾಡಿದ್ದನ್ನು ನೋಡಿದ್ದರಿಂದಲೇ ಇವರಿಗೆ ಮಾಡದೆ ಬಿಟ್ಟದ್ದು ಎಷ್ಟೆಂದು ನನಗೆ ಕಂಡದ್ದು.

ಅಮೆರಿಕದವರ ಒಂದು ಪದ್ಧತಿ ನನಗೆ ಹಿಡಿಸಿದೆ. ಮನಿಲಾದಂಥ ಯುದ್ಧಸ್ಮಶಾನಗಳಲ್ಲಿ ಕಾಣೆಯಾದವರ ಹೆಸರು ಕೆತ್ತಿದ ಗೋಡೆಗಳಿವೆ. ಯಾರಾದರೂ ಸಿಕ್ಕಿ ಗುರುತಾದರೆ ಗೋಡೆಯಿಂದ ಹೆಸರು ಅಳಿಸುವುದಿಲ್ಲ. ಪಕ್ಕದಲ್ಲಿ ಒಂದು ಪುಟ್ಟ ಕಂಚಿನ ಹೂಬಿಲ್ಲೆ ಕೂರಿಸುತ್ತಾರೆ. ಸಿಕ್ಕಿದ ಎನ್ನುವುದೂ ಅಷ್ಟು ಕಾಲ ಸಿಕ್ಕಿರಲಿಲ್ಲ ಎನ್ನುವುದೂ ಒಟ್ಟಿಗೆ ಉಳಿಯುತ್ತವೆ. ನಮ್ಮ ಧರ್ಮಶಾಸ್ತ್ರಗಳೂ ಈ ಇಕ್ಕಟ್ಟನ್ನು ಬಲ್ಲವು. ದೇಶಾಂತರ ಹೋಗಿ ಸುದ್ದಿಯಿಲ್ಲದವನಿಗೆ ಇಂತಿಷ್ಟು ವರ್ಷ ಕಾದು, ಮುತ್ತುಗದ ತೊಟ್ಟುಗಳಿಂದಲೋ ದರ್ಭೆಯಿಂದಲೋ ಆಕೃತಿ ಮಾಡಿ ಅದಕ್ಕೆ ಸಂಸ್ಕಾರ ಮಾಡಿ ಎನ್ನುತ್ತವೆ. ಹಾಗೆ ಸಂಸ್ಕಾರವಾದ ಮೇಲೆ ಅವನು ಮರಳಿ ಬಂದುಬಿಟ್ಟರೆ ಏನು ಮಾಡಬೇಕೆಂದೂ ಹೇಳುತ್ತವೆ. ಆ ವಿಧಿ ಬರೆದಿಟ್ಟವನ ಮನೆಯಲ್ಲೂ ನಮ್ಮ ಅಜ್ಜಿಯಂಥವರು ಒಬ್ಬರು ಇದ್ದಿರಬೇಕು.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅರ್ಜಿ ಬೀರುವಿನಲ್ಲೇ ಇತ್ತು. ನೀನು ಓದಿದವಳು, ಸಹಿ ಹಾಕಲೋ ಬೇಡವೋ ಹೇಳು ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಲಿಲ್ಲ. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಆ ಬಾಕಿ ಏಳು ಜನರ ಮನೇಲಿ ಏನು ಮಾಡಿದ್ರಂತೆ?' ಅಂದರು.